ಹಳೆಯ ಕಾರ್ಖಾನೆಯಲ್ಲಿ ಮನೆ, ಮಳಿಗೆ: ನಕ್ಷೆಗೂ ಮೊದಲು, ನಕ್ಷೆಯಲ್ಲೂ ನೋಡಬೇಕಾದದ್ದು

ಹಳೆಯ ಕಾರ್ಖಾನೆಯ ಎತ್ತರದ ಚಾವಣಿಯನ್ನೂ ಅಗಲವಾದ ಕಿಟಕಿಗಳನ್ನೂ ಕಂಡೊಡನೆ ಮನೆಗಳ ನಕ್ಷೆ ಬರೆಯಲು ಕೂರುವವರೇ ಹೆಚ್ಚು. ಆದರೆ ಮೊದಲು ವಿಚಾರಿಸಬೇಕಾದದ್ದು ಅಲ್ಲಿ ಏನು ತಯಾರಾಗುತ್ತಿತ್ತು ಎಂಬುದನ್ನು. ಲೋಹಕ್ಕೆ ಲೇಪ ಕೊಡುವ ಅಥವಾ ಚರ್ಮ ಹದಮಾಡುವ ಘಟಕವಾಗಿದ್ದರೆ ಕ್ರೋಮಿಯಂ, ದ್ರಾವಕಗಳಂಥ ವಸ್ತುಗಳು ಮಣ್ಣಿಗಿಳಿದಿರಬಹುದು, ಮತ್ತು ದ್ರಾವಕಗಳ ಆವಿ ನೆಲದ ಬಿರುಕುಗಳಿಂದ ಮೇಲೇರಿ ಮನೆಯೊಳಗಿನ ಗಾಳಿಯನ್ನು ಸೇರುತ್ತದೆ. ಆದ್ದರಿಂದ ಮಣ್ಣು, ಅಂತರ್ಜಲ, ನೆಲದಡಿಯ ಆವಿ ಈ ಮೂರನ್ನೂ ಖರೀದಿ ಕರಾರಿಗೆ ಸಹಿ ಹಾಕುವ ಮೊದಲೇ ಪರೀಕ್ಷೆ ಮಾಡಿಸಿ. ಚಾವಣಿಯ ಶೀಟುಗಳಲ್ಲಿ, ಕೊಳವೆಗಳ ಹೊದಿಕೆಯಲ್ಲಿ ಆಸ್ಬೆಸ್ಟಾಸ್ (ಧೂಳು ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ನಾರಿನ ಖನಿಜ) ಇದ್ದರೆ ಅದನ್ನು ಮುರಿಯದೆ, ಒದ್ದೆ ಮಾಡಿ ತೆಗೆಯಬಲ್ಲ ತರಬೇತಾದ ತಂಡವೇ ಬೇಕು. ಬಳಕೆ ಬದಲಾವಣೆಗೆ ಸ್ಥಳೀಯ ಆಡಳಿತದ ಅನುಮತಿಯನ್ನೂ ಈ ಹಂತದಲ್ಲೇ ವಿಚಾರಿಸಿಕೊಳ್ಳಬೇಕು.

ಭಾರದ ವಿಷಯದಲ್ಲಿ ಕಾರ್ಖಾನೆ ಸಾಮಾನ್ಯವಾಗಿ ಉದಾರಿ. ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆ ಭಾರಕ್ಕೆ, ಅಂದರೆ ಜನ ಮತ್ತು ಸಾಮಾನುಗಳ ತೂಕಕ್ಕೆ, ಲೆಕ್ಕಹಾಕಿದರೆ, ಯಂತ್ರಗಳ ನೆಲವನ್ನು 500ರಿಂದ 1,000 ಕಿಲೋಗೆ ಲೆಕ್ಕಹಾಕುವುದುಂಟು. ಹಾಗೆಂದು ಅಟ್ಟವನ್ನೋ ಹೊಸ ಮಹಡಿಯನ್ನೋ ಕಣ್ಣುಮುಚ್ಚಿ ಏರಿಸುವಂತಿಲ್ಲ, ಏಕೆಂದರೆ ಕಾಂಕ್ರೀಟು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಕ್ಷಾರಗುಣ ಕಳೆದುಕೊಂಡಷ್ಟೂ ಒಳಗಿನ ಕಬ್ಬಿಣಕ್ಕೆ ತುಕ್ಕಿನಿಂದ ರಕ್ಷಣೆ ತಪ್ಪುತ್ತದೆ. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ, ಕ್ಷಾರ ತಗುಲಿದರೆ ಗುಲಾಬಿಯಾಗುವ ಫೀನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದಾಗ ಗುಲಾಬಿ ಬಣ್ಣ ಬಾರದ ಪದರ ಎಷ್ಟು ದಪ್ಪವಿದೆಯೋ ಅಷ್ಟು ಆಳಕ್ಕೆ ಈ ಹಾನಿ ತಲುಪಿದೆ ಎಂದರ್ಥ. ಎರಕದ ಕಬ್ಬಿಣದ ಕಂಬಗಳಿದ್ದರೆ ಅವು ಉಕ್ಕಿನಂತೆ ಬಾಗದೆ ಥಟ್ಟನೆ ಬಿರುಕು ಬಿಡುತ್ತವೆ ಎಂಬುದನ್ನು ನೆನಪಿಟ್ಟುಕೊಂಡು, ಬೆಸುಗೆಯ ಯೋಚನೆಯನ್ನು ಬದಿಗಿಡುವುದೇ ಲೇಸು.

ನಿಜವಾದ ಕಗ್ಗಂಟು ಬೆಳಕು. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಉಪಯೋಗಕ್ಕೆ ಸಿಗುತ್ತದೆ. ಅಂದರೆ ಮೇಲಂಚು ಮೂರು ಮೀಟರ್ ಎತ್ತರದಲ್ಲಿರುವ ಕಿಟಕಿಗೆ ಆರೇಳು ಮೀಟರ್. ನಲವತ್ತು ಮೀಟರ್ ಅಗಲದ ಶೆಡ್ಡಿನ ಎರಡೂ ಬದಿ ಕಿಟಕಿಗಳಿದ್ದರೂ ನಡುಭಾಗ ಕತ್ತಲೆಯೇ. ಅಲ್ಲಿ ಚಾವಣಿಯನ್ನೂ ಸ್ಲ್ಯಾಬನ್ನೂ ಕತ್ತರಿಸಿ ತೊಟ್ಟಿಮನೆಯ ಅಂಗಳದಂತೆ ತೆರೆಯುವುದು ನನ್ನ ಮಟ್ಟಿಗೆ ಮೊದಲ ಆಯ್ಕೆ, ಮಾರಾಟಕ್ಕೆ ಸಿಗುವ ಜಾಗ ಕಡಿಮೆಯಾಯಿತೆಂದು ಹಣ ಹಾಕಿದವರು ಗೊಣಗಿದರೂ ಸರಿಯೇ. ಅಂಗಳ ಸಾಧ್ಯವಿಲ್ಲದ ಕಡೆ ಉಗ್ರಾಣ, ವಾಹನ ನಿಲುಗಡೆ, ಮಳಿಗೆಗಳ ಹಿಂಬದಿ ಕೋಣೆಗಳನ್ನು ಕತ್ತಲೆಗೆ ತಳ್ಳಿ, ಹೊರಗೋಡೆಯ ಸಾಲನ್ನು ಮನೆಗಳಿಗೆ ಬಿಡಬೇಕು.

ಕೆಳಗೆ ಮಳಿಗೆ, ಮೇಲೆ ಮನೆ ಎಂದಾದಾಗ ಎರಡಕ್ಕೂ ಬೇರೆ ಬೇರೆ ಬಾಗಿಲು, ಮೆಟ್ಟಿಲು, ವಿದ್ಯುತ್ ಮೀಟರು ಇರಬೇಕು. ನಡುವಿನ ಮಹಡಿ ಬೆಂಕಿಯನ್ನೂ ಸದ್ದನ್ನೂ ತಡೆಯುವಂತಿರಬೇಕು, ಕೊಳವೆ ಹಾಯ್ದ ರಂಧ್ರಗಳನ್ನೆಲ್ಲ ಬೆಂಕಿನಿರೋಧಕ ವಸ್ತುವಿನಿಂದ ಮುಚ್ಚಿರಬೇಕು. ಇಂದು ಬಟ್ಟೆ ಅಂಗಡಿಯಾಗಿರುವ ಜಾಗಕ್ಕೆ ನಾಳೆ ಉಪಾಹಾರ ಗೃಹ ಬರಬಹುದಾದ್ದರಿಂದ, ಅಡುಗೆಯ ಹೊಗೆಯನ್ನು ಚಾವಣಿಯಾಚೆ ಒಯ್ಯುವ ಕೊಳವೆಮಾರ್ಗವನ್ನು ಈಗಲೇ ಕಟ್ಟಿಬಿಡಿ. ಮನೆಗಳಲ್ಲಿ ಜನ ನೆಲೆಸಿದ ಮೇಲೆ ಅದಕ್ಕೆ ಜಾಗ ಸಿಗುವುದಿಲ್ಲ.