ಎರಡು ಎಕ್ಸೆಲ್ ಫೈಲು ಪಕ್ಕಪಕ್ಕ ಇಟ್ಟು 2ಬಿ ತಾಳೆ ನೋಡುವುದು: ನನ್ನ ಅನುಭವ

ಪ್ರತಿ ತಿಂಗಳು 14ನೇ ತಾರೀಖು ಬಂತೆಂದರೆ ನನಗೆ ಈ ಕೆಲಸ ಶುರು. ಅವತ್ತು ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ಬರುತ್ತದೆ, 20ರೊಳಗೆ 3ಬಿ, ಅಂದರೆ ತಿಂಗಳ ತೆರಿಗೆ ರಿಟರ್ನ್, ಸಲ್ಲಿಸಬೇಕು. ಅಷ್ಟರಲ್ಲಿ ನಮ್ಮ ಖರೀದಿ ಪುಸ್ತಕದ ಒಂದೊಂದು ಬಿಲ್ಲೂ 2ಬಿಯಲ್ಲಿ ಇದೆಯಾ ಅಂತ ತಾಳೆ ನೋಡಬೇಕು, ಯಾಕೆಂದರೆ ಅಲ್ಲಿ ಕಾಣದ ಬಿಲ್ಲಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯ ವಜಾ) ತೆಗೆದುಕೊಳ್ಳಲು ಬರುವುದಿಲ್ಲ. ನಾನು ಲೆಕ್ಕ ನೋಡುವುದು ಒಂದು ಹಾರ್ಡ್‌ವೇರ್ ಅಂಗಡಿಗೆ. ತಿಂಗಳಿಗೆ ಇನ್ನೂರು ಬಿಲ್ಲಿನ ಆಸುಪಾಸು.

ಒಂದು ಪಟ್ಟಿಯದ್ದನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ ವಿಲುಕಪ್ (VLOOKUP) ಹಾಕಿದರೆ ಆಯ್ತಲ್ವಾ ಅಂತ ಜನ ಕೇಳುತ್ತಾರೆ. ಹಾಕುತ್ತೇನೆ, ಅರ್ಧ ಕೆಲಸ ಮುಗಿಯುತ್ತದೆ. ಆದರೆ ಸಪ್ಲೈಯರ್ 'ಎಸ್‌ಟಿ/0145' ಅಂತ ಹಾಕಿರುತ್ತಾನೆ, ನಮ್ಮ ಕಡೆ ಬರೀ '145' ಅಂತ ಟೈಪ್ ಆಗಿರುತ್ತದೆ. ಸೂತ್ರಕ್ಕೆ ಅವು ಬೇರೆ ಬೇರೆ ಬಿಲ್ಲು. ಕಣ್ಣಿಗೆ ಒಂದೇ. ಹಾಗಾಗಿ ಉಳಿದದ್ದನ್ನು ಕಣ್ಣಲ್ಲೇ ನೋಡಬೇಕು.

ಮೊದಲೆಲ್ಲ ಒಂದು ಫೈಲಿನಿಂದ ಇನ್ನೊಂದಕ್ಕೆ ಆಲ್ಟ್-ಟ್ಯಾಬ್ ಒತ್ತುತ್ತಾ ಕೂರುತ್ತಿದ್ದೆ. ಆ ಕಡೆ ಹೋಗುವಷ್ಟರಲ್ಲಿ ಈ ಕಡೆಯ ಮೊತ್ತ ಮರೆತೇ ಹೋಗಿರುತ್ತಿತ್ತು. ಈಗ ಎರಡೇ ಫೈಲು ತೆರೆದಿಟ್ಟು, ಬೇರೆಲ್ಲ ಮುಚ್ಚಿ, ವ್ಯೂ ಟ್ಯಾಬಿನಲ್ಲಿ 'ವ್ಯೂ ಸೈಡ್ ಬೈ ಸೈಡ್' ಒತ್ತುತ್ತೇನೆ. ಅದು ಸಾಮಾನ್ಯವಾಗಿ ಒಂದರ ಕೆಳಗೆ ಒಂದು ಜೋಡಿಸುತ್ತದೆ, ಆಗ 'ಅರೇಂಜ್ ಆಲ್'ಗೆ ಹೋಗಿ 'ವರ್ಟಿಕಲ್' ಆರಿಸಿದರೆ ಎಡಕ್ಕೊಂದು ಬಲಕ್ಕೊಂದು ನಿಲ್ಲುತ್ತವೆ.

ಆದರೆ ಅದಕ್ಕೂ ಮೊದಲು ಮಾಡಬೇಕಾದ್ದೇ ಮುಖ್ಯ. 2ಬಿ ಫೈಲಿನಲ್ಲಿ ಮೇಲೆ ಮರ್ಜ್ ಆದ (ಹಲವು ಸೆಲ್ ಸೇರಿ ಒಂದಾದ) ಶೀರ್ಷಿಕೆಗಳಿರುತ್ತವೆ, ಸುಮ್ನೆ ಸಾರ್ಟ್ ಮಾಡಲು ಹೋದರೆ ತಕರಾರು ತೆಗೆಯುತ್ತದೆ. ಬೇಕಾದ ಕಾಲಂಗಳನ್ನು ಮಾತ್ರ ಹೊಸ ಶೀಟಿಗೆ ಕಾಪಿ ಮಾಡಿ, ಎರಡೂ ಕಡೆ ಒಂದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತೇನೆ: ಜಿಎಸ್‌ಟಿಐಎನ್ (ಸಪ್ಲೈಯರ್‌ನ ಜಿಎಸ್‌ಟಿ ನೋಂದಣಿ ಸಂಖ್ಯೆ), ಬಿಲ್ ನಂಬರ್, ತಾರೀಖು, ಮೊತ್ತ, ತೆರಿಗೆ. ಆಮೇಲೆ ಎರಡನ್ನೂ ಜಿಎಸ್‌ಟಿಐಎನ್ ಮೇಲೆ, ಅದರೊಳಗೆ ತಾರೀಖಿನ ಮೇಲೆ ಸಾರ್ಟ್. ಬಿಲ್ ನಂಬರ್ ಮೇಲೆ ಬೇಡ, ಮೊದಲೇ ಹೇಳಿದೆನಲ್ಲ, ಅದು ಎರಡು ಕಡೆ ಎರಡು ಥರ ಇರುತ್ತದೆ.

'ಸಿಂಕ್ರೊನಸ್ ಸ್ಕ್ರೋಲಿಂಗ್' ಆನ್ ಇದ್ದರೆ ಒಂದನ್ನು ಉರುಳಿಸಿದಾಗ ಇನ್ನೊಂದೂ ಜೊತೆಗೇ ಉರುಳುತ್ತದೆ. ಇಲ್ಲೇ ನಾನು ಬಹಳ ದಿನ ಎಡವಿದ್ದು. ಒಂದು ಕಡೆ ಒಂದು ಬಿಲ್ಲು ಇಲ್ಲದಿದ್ದರೆ ಅಲ್ಲಿಂದ ಮುಂದೆ ಎಲ್ಲವೂ ಒಂದು ಸಾಲು ತಪ್ಪುತ್ತದೆ. ಪರಿಹಾರ ಸುಲಭ. ಸಿಂಕ್ ಆಫ್ ಮಾಡಿ, ತಪ್ಪಿದ ಕಡೆಯನ್ನು ಮಾತ್ರ ಸರಿಸಿ, ಸಾಲಿಗೆ ಸಾಲು ಕೂಡಿದ ಮೇಲೆ ಮತ್ತೆ ಆನ್ ಮಾಡಿ. ಆ ಅಂತರ ಇಟ್ಟುಕೊಂಡೇ ಎರಡೂ ಮುಂದಕ್ಕೆ ಹೋಗುತ್ತವೆ. ತಪ್ಪಿದ ಬಿಲ್ಲಿಗೆ ಹಳದಿ ಬಣ್ಣ ಹಚ್ಚಿ ಮುಂದೆ ಸಾಗುತ್ತೇನೆ.

ಒಮ್ಮೆ ಎಡಗಡೆ ನಮ್ಮ ಪುಸ್ತಕದಲ್ಲಿ 12,930, ಬಲಗಡೆ 2ಬಿಯಲ್ಲಿ 12,390 ಕಂಡಿತು. ವ್ಯತ್ಯಾಸ 540. ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುವ ವ್ಯತ್ಯಾಸ ಬಂದರೆ ಅಂಕಿ ಅದಲುಬದಲಾಗಿದೆಯಾ ಅಂತ ಮೊದಲು ನೋಡಬೇಕು, ಲೆಕ್ಕದವರು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತಿದು. ಬಿಲ್ಲು ತೆಗೆದು ನೋಡಿದೆ: ಮಾಲಿಗೆ 10,500, ಶೇ. 18 ತೆರಿಗೆ 1,890, ಒಟ್ಟು 12,390. ಸಪ್ಲೈಯರ್ ಹಾಕಿದ್ದೇ ಸರಿ ಇತ್ತು. ನಮ್ಮ ಪುಸ್ತಕ ತಿದ್ದಿ ಮುಂದಿನ ಸಾಲಿಗೆ ಹೋದೆ.