ಹೊರದೇಶದಲ್ಲಿ ಓದು: ದೇಶ ಆರಿಸುವ ಮೊದಲು

ನಮ್ಮದು ತೀರ್ಥಹಳ್ಳಿ ಹತ್ತಿರ ಮೂರು ಎಕರೆ ಅಡಿಕೆ ತೋಟ. ಮಗಳು ಎಂ.ಎಸ್. ಮಾಡ್ತೀನಿ ಅಂದಾಗ ಶಿವಮೊಗ್ಗದ ಏಜೆಂಟರೊಬ್ಬರು ಮೊದಲು ತೋರಿಸಿದ್ದು ಕಾಲೇಜು ಕಟ್ಟಡದ ಫೋಟೋ. ಫೋಟೋ ಬದಿಗಿಡಿ. ಓದು ಮುಗಿದ ಮೇಲೆ ಅಲ್ಲೇ ಇದ್ದು ಎಷ್ಟು ದಿನ ಕೆಲಸ ಹುಡುಕಬಹುದು, ಅದನ್ನು ಕೇಳಿ. ಉದಾಹರಣೆಗೆ ಜರ್ಮನಿಯಲ್ಲಿ 18 ತಿಂಗಳು. ಸಾಲ ತೀರಬೇಕಲ್ವಾ?

ಆಮೇಲೆ ದುಡ್ಡು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಫೀ ಇಲ್ಲ. ಹಾಗಂತ ಎಲ್ಲ ಪುಕ್ಕಟೆ ಅಂದುಕೊಳ್ಳಬೇಡಿ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರುತ್ತದೆ. ನಮಗೋ ಅದೇ ವರ್ಷ ತೋಟಕ್ಕೆ ಕೊಳೆರೋಗ! ಎಪಿಎಸ್ ಸರ್ಟಿಫಿಕೇಟ್‌ಗೂ (ನಮ್ಮ ಮಾರ್ಕ್ಸ್ ಕಾರ್ಡ್, ಡಿಗ್ರಿ ಅಸಲಿಯೇ ಅಂತ ಪರಿಶೀಲಿಸಿ ಕೊಡುವ ಪತ್ರ) ಬೇಗ ಅರ್ಜಿ ಹಾಕಿ.

ಊರಿನವರು ಇದ್ದಾರೆ ಅಂತಲೇ ದೇಶ ಆರಿಸುವವರು ಜಾಸ್ತಿ. ತಪ್ಪೇನಲ್ಲ. ಆದರೆ ಅವರಿಗೆ ಫೋನ್ ಮಾಡಿ ರೂಮಿನ ಬಾಡಿಗೆ ವಿಚಾರಿಸಿ. ಚಳಿಗೆ ಸುಮ್ನೆ ಹೆದರಬೇಡಿ, ಆಗುಂಬೆ ಮಳೆ ಕಂಡವರು ನಾವು. ರೂಮು ಹುಡುಕುವುದೇ ಕಷ್ಟ. ನನ್ನ ಮಗಳಿಗೆ ಎರಡು ತಿಂಗಳು ಹಿಡಿಯಿತು.