ಫ್ಯಾಕ್ಟರ್ 8 ಮತ್ತು ಪ್ರತಿಕಾಯ: ಜೋಡಿಯನ್ನು ಹರಳುಗಟ್ಟಿಸಿ ನೋಡಿದ ಬಗೆ

ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ-ಎ ರೋಗ ಇರುವವರಿಗೆ ಚಿಕಿತ್ಸೆಯಾಗಿ ಕೊಟ್ಟ, ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ 8 ಪ್ರೋಟೀನನ್ನೇ ಕೆಲವರ ದೇಹ ಪರಕೀಯವೆಂದು ಬಗೆದು ಪ್ರತಿಕಾಯ ಹುಟ್ಟಿಸುತ್ತದೆ. ಆಸ್ಪತ್ರೆಗಳಲ್ಲಿ ಇದಕ್ಕೆ ಇನ್ಹಿಬಿಟರ್ ಎನ್ನುತ್ತಾರೆ. ಅದು ಎಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ಕೈಪಿಡಿಯಂತಿದ್ದದ್ದು 2001ರಲ್ಲಿ ಪ್ರಕಟವಾದ, 2.0 ಆಂಗ್‌ಸ್ಟ್ರಾಂ ಸ್ಪಷ್ಟತೆಯ 1ಐಕ್ಯೂಡಿ (ಪ್ರೋಟೀನ್ ರಚನೆಗಳ ಭಂಡಾರದಲ್ಲಿ ಅದರ ಸಂಕೇತ) ರಚನೆ: ಫ್ಯಾಕ್ಟರ್ 8ರ ಸಿ2 ಡೊಮೇನು (ಪ್ರೋಟೀನಿನ ಒಂದು ಭಾಗ), ಜೊತೆಗೆ ರೋಗಿಯೊಬ್ಬರ ಬಿ ಕೋಶದಿಂದ ಬಂದ ಬಿಒ2ಸಿ11 ಪ್ರತಿಕಾಯದ ಫ್ಯಾಬ್ ತುಂಡು (ಗುರಿಯನ್ನು ಹಿಡಿಯುವ ತೋಳು). ಸಿ2ಗೆ ಅಂಟುವ ಬೇರೆ ಪ್ರತಿಕಾಯದೊಂದಿಗೆ ನಾವು ಅನುಸರಿಸಿದ ಕ್ರಮ ಇಲ್ಲಿದೆ: ಜೋಡಿಯನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಅದರ ಆಕಾರ ಕಂಡುಕೊಳ್ಳುವುದು.

ಇಡೀ ಪ್ರತಿಕಾಯ ಹರಳಿಗೆ ಒಗ್ಗುವುದು ಕಷ್ಟ. ಅದರ ಹಿಂಜ್ (ತೋಳುಗಳನ್ನು ಕಾಂಡಕ್ಕೆ ಸೇರಿಸುವ ಕೀಲು) ಅಲುಗಾಡುತ್ತದೆ. ಹಾಗಾಗಿ ಪಪೈನ್ ಎಂಬ ಕಿಣ್ವದಿಂದ ಕತ್ತರಿಸಿದೆವು. 100 ಭಾಗ ಪ್ರತಿಕಾಯಕ್ಕೆ 1 ಭಾಗ ಪಪೈನ್ (ತೂಕದಲ್ಲಿ), ಪಿಎಚ್ 7.0ರ ಫಾಸ್ಫೇಟ್ ಬಫರ್, 10 ಮಿಲಿಮೋಲಾರ್ ಸಿಸ್ಟೀನ್, 37 ಡಿಗ್ರಿ. ಅರ್ಧ ಗಂಟೆಗೊಮ್ಮೆ ಸ್ವಲ್ಪ ತೆಗೆದು ಜೆಲ್‌ನಲ್ಲಿ ನೋಡಿ, ಸಾಕೆನಿಸಿದಾಗ ಅಯೋಡೋಅಸಿಟಮೈಡ್ ಹಾಕಿ ನಿಲ್ಲಿಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಭಾರ ಸರಪಳಿಯ (ಪ್ರತಿಕಾಯದ ಉದ್ದನೆಯ ಎಳೆ) ತುದಿ ಬೇರೆ ಬೇರೆ ಉದ್ದಕ್ಕೆ ತುಂಡಾಗುತ್ತದೆ, ಆಮೇಲೆ ಒಳ್ಳೆಯ ಹರಳು ಸಿಗುವುದಿಲ್ಲ. ಎಫ್‌ಸಿ ಭಾಗವನ್ನು (ಪ್ರತಿಕಾಯದ ಕಾಂಡ) ಪ್ರೋಟೀನ್-ಎ ಕಾಲಂ ಹಿಡಿದುಕೊಳ್ಳುತ್ತದೆ. ಆದರೆ ಭಾರ ಸರಪಳಿ ವಿಎಚ್3 ಎಂಬ ಜೀನ್ ಕುಟುಂಬಕ್ಕೆ ಸೇರಿದ ಫ್ಯಾಬ್ ಆಗಿದ್ದರೆ ಅದೂ ಕಾಲಂಗೆ ಅಂಟಬಹುದು. ಹರಿದುಹೋದ ದ್ರಾವಣದಲ್ಲಿ ಫ್ಯಾಬ್ ಕಾಣದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಸಿ2 ಹೆಚ್ಚು ಜಾಗ್ರತೆ ಬೇಡುತ್ತದೆ. ಅದರಲ್ಲಿ 2174 ಮತ್ತು 2326ನೇ ಸಿಸ್ಟೀನ್‌ಗಳ ನಡುವೆ ಡೈಸಲ್ಫೈಡ್ ಬಂಧವಿದೆ, ಸಾಮಾನ್ಯ ಇ. ಕೋಲಿ ಕೋಶದೊಳಗೆ ಅದು ಸರಿಯಾಗಿ ಕೂಡುವುದಿಲ್ಲ. ಆಕ್ಸಿಡೀಕರಣಕ್ಕೆ ಅನುಕೂಲವಾದ ಶಫಲ್ ತಳಿಯನ್ನು 16 ಡಿಗ್ರಿಯಲ್ಲಿ ಬೆಳೆಸಿದೆವು. ಕೋಶದ ಪೊರೆಗೆ ಅಂಟಲೆಂದೇ ಹೊರಚಾಚಿದ ನೀರು ಒಲ್ಲದ ಕುಣಿಕೆಗಳು ಸಿ2ನಲ್ಲಿವೆ. ಒಂಟಿಯಾಗಿ ಸಾಂದ್ರಗೊಳಿಸಿದರೆ ಅವು ಒಂದಕ್ಕೊಂದು ಅಂಟಿ ಗಸಿಯಾಗುತ್ತವೆ. ಆದ್ದರಿಂದ ದ್ರಾವಣ ತೆಳುವಾಗಿರುವಾಗಲೇ ಫ್ಯಾಬ್‌ನೊಂದಿಗೆ ಬೆರೆಸಿ, ಆಮೇಲೆ ಸಾಂದ್ರಗೊಳಿಸಬೇಕು. 1 ಮೋಲ್ ಫ್ಯಾಬ್‌ಗೆ 1.3 ಮೋಲ್ ಸಿ2 ಹಾಕಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಸೂಪರ್‌ಡೆಕ್ಸ್ 200 ಕಾಲಂನಲ್ಲಿ ಹರಿಸಿದರೆ ಜೋಡಿ ಮೊದಲು ಇಳಿಯುತ್ತದೆ, ಮಿಕ್ಕ ಸಿ2 ತಡವಾಗಿ ಬರುತ್ತದೆ. ಫ್ಯಾಬ್ ಮಿಕ್ಕುವಂತೆ ಎಂದೂ ಬೆರೆಸಬೇಡಿ: ಸುಮಾರು 48 ಕಿಲೋಡಾಲ್ಟನ್ ಫ್ಯಾಬ್ ಮತ್ತು 67ರ ಜೋಡಿ ಈ ಕಾಲಂನಲ್ಲಿ ಸರಿಯಾಗಿ ಬೇರೆಯಾಗುವುದಿಲ್ಲ.

ಅಲ್ಲಿ ತಪ್ಪಿದರೆ ಹರಳುಗಳೇ ಮೋಸ ಮಾಡುತ್ತವೆ. ಜೋಡಿಯನ್ನು 9 ಮಿಲಿಗ್ರಾಂ/ಮಿಲಿಲೀಟರ್‌ಗೆ ತಂದು, 200 ನ್ಯಾನೋಲೀಟರ್ ಪ್ರೋಟೀನ್‌ಗೆ ಅಷ್ಟೇ ಹರಳುಗಟ್ಟಿಸುವ ದ್ರಾವಣ ಸೇರಿಸಿ 20 ಡಿಗ್ರಿಯಲ್ಲಿಟ್ಟೆವು. ಪಿಇಜಿ 3350 ಎಂಬ ಪಾಲಿಮರ್ ಇರುವ ಹನಿಗಳಲ್ಲಿ ಮೊದಲು ಬಂದ ಅಂದದ ಫಲಕಗಳು ಬರೀ ಫ್ಯಾಬ್! ಒಂಟಿ ಫ್ಯಾಬ್ ಸಲೀಸಾಗಿ ಹರಳುಗಟ್ಟುತ್ತದೆ. ಹಾಗಾಗಿ ಎಕ್ಸ್-ಕಿರಣಕ್ಕೆ ಒಯ್ಯುವ ಮುನ್ನ ನಾಲ್ಕಾರು ಹರಳನ್ನು ಲೂಪಿನಲ್ಲಿ ಎತ್ತಿ, ಹೊಸ ದ್ರಾವಣದಲ್ಲಿ ಮೂರು ಸಲ ತೊಳೆದು, ಕರಗಿಸಿ, ರಿಡ್ಯೂಸಿಂಗ್ ಜೆಲ್‌ನಲ್ಲಿ ಬೆಳ್ಳಿ ಬಣ್ಣ ಹಾಕಿ ನೋಡಿ. 25 ಕಿಲೋಡಾಲ್ಟನ್ ಹತ್ತಿರದ ಫ್ಯಾಬ್ ಪಟ್ಟಿಗಳ ಕೆಳಗೆ ಸುಮಾರು 19ರಲ್ಲಿ ಸಿ2 ಕಾಣಲೇಬೇಕು. ಸರಿಯಾದ ಹರಳು ಸಿಕ್ಕಮೇಲೆ ಅದನ್ನು ಪುಡಿಮಾಡಿ ಬೀಜವಾಗಿ ಬಿತ್ತಿದರೆ ಮುಂದಿನದು ಸುಲಭ. 20% ಗ್ಲಿಸರಾಲ್ ಇರುವ ದ್ರಾವಣದಲ್ಲಿ ಕ್ಷಣಮಾತ್ರ ಅದ್ದಿ ದ್ರವ ಸಾರಜನಕಕ್ಕೆ ಇಳಿಸಿದೆವು.

ರಚನೆ ಬಿಡಿಸಿದ್ದು ಮಾಲಿಕ್ಯುಲರ್ ರೀಪ್ಲೇಸ್‌ಮೆಂಟ್‌ನಿಂದ, ಅಂದರೆ ಈಗಾಗಲೇ ಗೊತ್ತಿರುವ ಹೋಲುವ ರಚನೆಯನ್ನು ಮಾದರಿಯಾಗಿ ಕೂರಿಸಿ. ಫ್ಯಾಬ್‌ನ ಎರಡು ಭಾಗಗಳ ನಡುವಿನ ಮೊಣಕೈ ಕೋನ ಪ್ರತಿಕಾಯದಿಂದ ಪ್ರತಿಕಾಯಕ್ಕೆ ಹತ್ತಾರು ಡಿಗ್ರಿ ಬದಲಾಗುತ್ತದೆ. ಆದ್ದರಿಂದ ವೇರಿಯಬಲ್ ಮತ್ತು ಕಾನ್‌ಸ್ಟಂಟ್ ಭಾಗಗಳನ್ನು ಬೇರೆ ಮಾದರಿಗಳಾಗಿ ಫೇಸರ್ ತಂತ್ರಾಂಶಕ್ಕೆ ಕೊಡಬೇಕು. ಹಗುರ, ಭಾರ ಸರಪಳಿಗಳು ನೋಡಲು ಒಂದೇ ತರಹ. ಅದಲುಬದಲಾಗಿ ಕೂತರೂ ಅಂಕ ಚೆನ್ನಾಗಿಯೇ ಕಾಣಬಹುದು. ಇದಕ್ಕೆ ನಾವು ಕಂಡುಕೊಂಡ ಉಪಾಯ: ಪ್ರತಿಕಾಯದಲ್ಲಿ ಗುರಿಯನ್ನು ಹಿಡಿಯುವ ಆರೂ ಸಿಡಿಆರ್ ಕುಣಿಕೆಗಳನ್ನೂ ಸಿ2ನ ಚಾಚಿದ ಕುಣಿಕೆಗಳನ್ನೂ ಮಾದರಿಯಿಂದ ಮೊದಲೇ ಅಳಿಸಿಬಿಡುವುದು. ಕೊಡದ ಕುಣಿಕೆಗಳಿಗೆ ನಕ್ಷೆಯಲ್ಲಿ ಎಲೆಕ್ಟ್ರಾನ್ ಸಾಂದ್ರತೆ ತಾನಾಗಿ ಮೂಡಿದರೆ ಮಾತ್ರ ನಂಬಿದೆವು.

1ಐಕ್ಯೂಡಿಯಲ್ಲಿ ಮೆಥಿಯೋನಿನ್ 2199, ಫಿನೈಲ್‌ಅಲನಿನ್ 2200, ಲ್ಯೂಸಿನ್ 2251 ಮತ್ತು 2252 ಪ್ರತಿಕಾಯದೊಳಗೆ ಹುದುಗಿವೆ. ಪೊರೆಗೆ ಅಂಟಬೇಕಾದ ಮುಖವೇ ಮುಚ್ಚಿಹೋಗುವುದರಿಂದ ಫ್ಯಾಕ್ಟರ್ 8 ಕೆಲಸ ಮಾಡಲಾರದು. ನಿಮ್ಮ ರಚನೆಯನ್ನು ಅದರ ಮೇಲೆ ಕೂರಿಸಿ ನೋಡಿ. ಆದರೆ ಅದನ್ನೇ ನೋಡಿಕೊಂಡು ಪಾರ್ಶ್ವ ಸರಪಳಿಗಳನ್ನು ಕಟ್ಟಬೇಡಿ.

ಕೊನೆಯ ತಪಾಸಣೆ ರಾಮಚಂದ್ರನ್ ನಕ್ಷೆ: ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ತಿರುಗಬಲ್ಲದು ಎಂದು ತೋರಿಸುವುದು. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಲ್ಲಿ ಕೊಟ್ಟ ಈ ನಕ್ಷೆಯನ್ನು ದಾಟದೆ ಇಂದಿಗೂ ಯಾವ ಪ್ರೋಟೀನ್ ರಚನೆಯೂ ಹೊರಬರುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದವರೂ ಅವರೇ. ಹಗುರ ಸರಪಳಿಯ 51ನೇ ಅಮೈನೋ ಆಮ್ಲ ಮಾತ್ರ ನಿಷಿದ್ಧ ವಲಯದಲ್ಲಿ ಬೀಳುತ್ತದೆ. ಎರಡನೇ ಸಿಡಿಆರ್‌ನ ಆ ಬಿಗಿ ತಿರುವು ಪ್ರತಿಕಾಯಗಳಲ್ಲಿ ಸಾಮಾನ್ಯ. ಸಾಂದ್ರತೆ ಸ್ಪಷ್ಟವಾಗಿದ್ದರೆ ಅದನ್ನು ಎಳೆದು ಸರಿಮಾಡಲು ಹೋಗಬೇಡಿ.